ಅಧಿಸೂಚನೆಗೆ ಕಾಯುವ ಹೊಸ ಶಿಕ್ಷಕರು ಅಷ್ಟರಲ್ಲಿ ಮಾಡಬೇಕಾದ್ದು

ಸಂಪಾದಕರಿಗೆ,

ಮಾನ್ಯರೆ,

ಶಾಲೆ ತೆರೆಯುವ ಮೇ ಕೊನೆಯ ವಾರ ಬಂತೆಂದರೆ ನಮ್ಮ ಕೊಡಗು ಜಿಲ್ಲೆಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳಲ್ಲಿ ಹೊಸ ಮುಖಗಳು ಕಾಣಿಸುತ್ತವೆ. ಬಿ.ಇಡಿ ಪದವಿ, ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಈಗಷ್ಟೇ ಮುಗಿಸಿದವರು. ಹೆಚ್ಚಿನವರ ಪ್ರಶ್ನೆ ಒಂದೇ: ‘ಸರ್, ಸರ್ಕಾರಿ ನೇಮಕಾತಿ ಯಾವಾಗ ಕರೆಯುತ್ತಾರೆ?’ ಬಿಇಒ ಹಾಗಿರಲಿ, ಅವರ ಮೇಲಿನ ಜಿಲ್ಲಾ ಉಪನಿರ್ದೇಶಕರಾದ ಡಿಡಿಪಿಐ ಬಳಿಯೂ ಇದಕ್ಕೆ ಉತ್ತರ ಇರುವುದಿಲ್ಲ. 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿಯ ಪರೀಕ್ಷೆ ನಡೆದದ್ದು 2022ರ ಮೇ ತಿಂಗಳಲ್ಲಿ. ಆಯ್ಕೆಪಟ್ಟಿಯ ತಕರಾರು ಹೈಕೋರ್ಟ್ ಮೆಟ್ಟಿಲೇರಿ, ನೇಮಕಕ್ಕೆ ದಾರಿ ಸಿಗುವಾಗ 2023ರ ಕೊನೆ ಬಂದಿತ್ತು. ಪಟ್ಟಿಯಲ್ಲಿ ಹೆಸರಿದ್ದವರೇ ಅಷ್ಟು ಕಾದರು. ಇನ್ನೂ ಹೊರಡದ ಅಧಿಸೂಚನೆಗಾಗಿ ಕೈಕಟ್ಟಿ ಕೂತವರ ಕಾಯುವಿಕೆಗೆ ಲೆಕ್ಕವೇ ಇಲ್ಲ. ಆ ಅವಧಿಯಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮಾಡದೆ ಬಿಟ್ಟದ್ದೇ ಮುಂದೆ ಅಡ್ಡ ಬರುತ್ತದೆ. ಅದನ್ನು ತಮ್ಮ ಪತ್ರಿಕೆಯ ಮೂಲಕ ಹೇಳೋಣವೆಂದು ಈ ಪತ್ರ.

ಮೊದಲನೆಯದು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 1ರಿಂದ 5ನೇ ತರಗತಿಗೆ ಪತ್ರಿಕೆ-1, 6ರಿಂದ 8ಕ್ಕೆ ಪತ್ರಿಕೆ-2. ಎರಡೂ 150 ಅಂಕದವು, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55. ಬಿ.ಇಡಿ ಮಾಡಿದವರು ‘ಎರಡನ್ನೂ ಬರೆದರೆ ಎರಡು ಬಾಗಿಲು’ ಎಂದುಕೊಂಡು ಪತ್ರಿಕೆ-1ಕ್ಕೂ ಶುಲ್ಕ ಕಟ್ಟುವುದನ್ನು ಈಗಲೂ ಕಾಣುತ್ತೇವೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, 1ರಿಂದ 5ನೇ ತರಗತಿಗೆ ಬಿ.ಇಡಿ ಅರ್ಹತೆಯಲ್ಲ ಎಂದು ತೀರ್ಪು ಕೊಟ್ಟ ಮೇಲೆ ಆ ಬಾಗಿಲು ಮುಚ್ಚಿದೆ. ಆ ತರಗತಿಗಳಿಗೆ ಡಿ.ಎಲ್.ಇಡಿಯೇ ಬೇಕು. ಬಿ.ಇಡಿಯವರು ಅದೇ ಸಮಯವನ್ನು ಪತ್ರಿಕೆ-2ಕ್ಕೆ ಕೊಡಲಿ.

ಪತ್ರಿಕೆ-2ರಲ್ಲಿ ಮಕ್ಕಳ ವಿಕಾಸ ಮತ್ತು ಬೋಧನಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಉಳಿದ 60 ಗಣಿತ-ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ನಮ್ಮಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಎಡವುವುದು ವಿಷಯದಲ್ಲಲ್ಲ, ಕನ್ನಡದಲ್ಲಿ. ಸಂಧಿ, ಸಮಾಸ, ಗದ್ಯಭಾಗ ಓದಿ ಉತ್ತರಿಸುವುದನ್ನು ಸಣ್ಣ ವಿಷಯವೆಂದು ಬಿಟ್ಟಿರುತ್ತಾರೆ. 30ರಲ್ಲಿ 14 ಬಂದರೆ ಉಳಿದ 120ರಲ್ಲಿ 76 ಗಳಿಸಬೇಕಾದ ಒತ್ತಡ ಬೀಳುತ್ತದೆ. 8ನೇ ತರಗತಿವರೆಗಿನ ಕನ್ನಡ ಪಠ್ಯಪುಸ್ತಕಗಳ ಭಾಷಾಭ್ಯಾಸವನ್ನು ಪೆನ್ನು ಹಿಡಿದು ಮಾಡಿದರೆ ಇದು ಎರಡು ತಿಂಗಳಲ್ಲಿ ಸರಿಹೋಗುವ ಕೊರತೆ. ಬಿ.ಇಡಿ ಕೊನೆಯ ವರ್ಷದಲ್ಲಿರುವಾಗಲೇ ಟಿಇಟಿ ಬರೆಯಲು ಅವಕಾಶವಿದೆ, ಕೋರ್ಸು ಮುಗಿಯುವ ತನಕ ಕಾಯಬೇಡಿ. 2021ರಿಂದ ಈ ಪ್ರಮಾಣಪತ್ರಕ್ಕೆ ಜೀವಾವಧಿ ಮಾನ್ಯತೆ. ಹಾಗೆಂದು ಅಂಚಿನಲ್ಲಿ ಪಾಸಾದವರು ಅಲ್ಲಿಗೇ ನಿಲ್ಲಬಾರದು. ನೇಮಕಾತಿಯ ಮೆರಿಟ್ ಪಟ್ಟಿಯಲ್ಲಿ ಟಿಇಟಿ ಅಂಕವೂ ಲೆಕ್ಕಕ್ಕೆ ಬರುತ್ತದೆ. ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು.

ಇನ್ನೊಂದನ್ನು ಬಿ.ಇಡಿಗೆ ಸೇರುವ ಮುಂಚೆಯೇ ಯಾರಾದರೂ ಹೇಳಬೇಕಿತ್ತು. ಹುದ್ದೆಗೆ ಅರ್ಹತೆ ನೋಡುವಾಗ ಮುಖ್ಯವಾಗುವುದು ಪದವಿಯಲ್ಲಿ ಓದಿದ ಐಚ್ಛಿಕ ವಿಷಯಗಳು. ಬಿ.ಇಡಿಯಲ್ಲಿ ಗಣಿತದ ಬೋಧನಾ ವಿಧಾನ ತೆಗೆದುಕೊಂಡ ಮಾತ್ರಕ್ಕೆ ಗಣಿತ ಶಿಕ್ಷಕರಾಗಲು ಆಗುವುದಿಲ್ಲ. ಬಿ.ಕಾಂ., ಬಿಬಿಎಂ, ಬಿಸಿಎ ನಂತರ ಬಿ.ಇಡಿ ಮಾಡಿದವರು ಸರ್ಕಾರಿ ನೇಮಕಾತಿಯ ವಿಷಯ ಸಂಯೋಜನೆಯ ಪಟ್ಟಿಯನ್ನು ಸಾಲು ಸಾಲಾಗಿ ಓದಿ ನೋಡಿ. ಅದರಲ್ಲಿ ತಮ್ಮ ಸಂಯೋಜನೆ ಇಲ್ಲದಿದ್ದರೆ ಖಾಸಗಿ ಶಾಲೆಯ ದಾರಿಯನ್ನು ಗಟ್ಟಿ ಮಾಡಿಕೊಳ್ಳುವುದು, ಸಾಧ್ಯವಾದರೆ ಸ್ನಾತಕೋತ್ತರ ಪದವಿ ಮಾಡುವುದು ಮೇಲು.

ಇನ್ನು ಕಾಗದಪತ್ರ. ಕೊಡಗಿನಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ, ಅದಕ್ಕೆ ನಮ್ಮ ಹೆಸರಿಡುವ ಪದ್ಧತಿಯೂ ಒಂದು ಕಾರಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಎರಡು ಇನಿಷಿಯಲ್ ಆಗಿ ಮುಂದಿರುತ್ತದೆ, ಆಧಾರ್‌ನಲ್ಲಿ ಅದೇ ಇನಿಷಿಯಲ್ ಹಿಂದಕ್ಕೆ ಹೋಗಿರುತ್ತದೆ, ಪದವಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಪೂರ್ತಿ ಬಂದಿರುತ್ತದೆ. ಮದುವೆಯಾದ ಕೊಡವ ಹೆಣ್ಣುಮಕ್ಕಳಿಗೆ ಗಂಡನ ಒಕ್ಕದ (ಮನೆತನದ) ಹೆಸರು ಸೇರಿದ ಮೇಲೆ ನಾಲ್ಕು ದಾಖಲೆಯಲ್ಲಿ ನಾಲ್ಕು ಹೆಸರು. ಗಣಕಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಜನ. ಅರ್ಜಿ ತುಂಬುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ, ಅದೇ ಕಾಗುಣಿತದಲ್ಲಿ, ಚುಕ್ಕಿ ಮತ್ತು ಜಾಗ ಸಮೇತ ಹಾಕಿ. ಆಧಾರ್ ಅದಕ್ಕೆ ಹೊಂದದಿದ್ದರೆ ಆಧಾರ್ ತಿದ್ದಿಸಿ, ಎಸ್ಸೆಸ್ಸೆಲ್ಸಿಯನ್ನಲ್ಲ. ಎಲ್ಲ ಹೆಸರುಗಳೂ ಒಬ್ಬರದ್ದೇ ಎಂಬ ನೋಟರಿ ಅಫಿಡವಿಟ್ ಒಂದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ದಾಖಲೆ ಪರಿಶೀಲನೆಯ ದಿನ ಮಡಿಕೇರಿಯಲ್ಲಿ ಮಳೆಯಲ್ಲಿ ನೋಟರಿ ಹುಡುಕುವ ಪಾಡು ಬೇಡ.

ಜಾತಿ ಪ್ರಮಾಣಪತ್ರದಲ್ಲಿ ನಮೂನೆ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಎಫ್ ನಮೂನೆಯಲ್ಲಿ ಆದಾಯವೂ ಸೇರಿರುವುದರಿಂದ ಅದರ ಅವಧಿ 5 ವರ್ಷ. ಕಾಲೇಜಿಗೆ ಸೇರುವಾಗ ಮಾಡಿಸಿದ್ದು ಬಿ.ಇಡಿ ಮುಗಿಯುವಾಗ ಅವಧಿ ಮೀರಿರುತ್ತದೆ, ಯಾರೂ ತಿರುಗಿ ನೋಡಿರುವುದಿಲ್ಲ. ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದಂದು ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು, ಮರುದಿನ ತಂದರೆ ಉಪಯೋಗವಿಲ್ಲ. ವಿವಾಹಿತ ಮಹಿಳೆಯರು ಆದಾಯಕ್ಕೆ ತಂದೆಯ ಕಡೆಯದ್ದು ಕೊಡಬೇಕೋ ಗಂಡನ ಕಡೆಯದ್ದೋ ಎಂಬ ಪ್ರಶ್ನೆಯೇ 2022ರ ನೇಮಕಾತಿಯನ್ನು ಹೈಕೋರ್ಟಿಗೆ ಎಳೆದ ತಕರಾರು. ನಾಡಕಚೇರಿಯಲ್ಲಿ ಎರಡನ್ನೂ ಮಾಡಿಸಿಟ್ಟುಕೊಳ್ಳಿ, ಅಧಿಸೂಚನೆ ಯಾವುದನ್ನು ಕೇಳುತ್ತದೋ ಅದನ್ನು ಲಗತ್ತಿಸಿ.

ಗ್ರಾಮೀಣ ಮೀಸಲಾತಿ ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸರೆ. 1ರಿಂದ 10ನೇ ತರಗತಿ ತನಕ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು; ಅದರ ಪ್ರಮಾಣಪತ್ರವಾದ ನಮೂನೆ-2ಕ್ಕೆ ಓದಿದ ಶಾಲೆಯ ಮುಖ್ಯಸ್ಥರ ಸಹಿ, ಬಿಇಒ ಮೇಲುಸಹಿ ಬೇಕು. ಮೀಸಲಾತಿಗೆ ಒಳಪಡದ ಸಾಮಾನ್ಯ ವರ್ಗದವರು ಇದರ ಜೊತೆ ನಮೂನೆ-1ನ್ನೂ ಪಡೆಯಬೇಕು. ಇದನ್ನು ಮರೆತು ಗ್ರಾಮೀಣ ಸೌಲಭ್ಯ ಕಳೆದುಕೊಳ್ಳುವವರು ಇದ್ದಾರೆ. ಕನ್ನಡ ಮಾಧ್ಯಮದ ಮೀಸಲಾತಿಯೂ ಇದೇ ಹತ್ತು ತರಗತಿಗಳ ಲೆಕ್ಕ. ತೊಡಕಾಗುವುದು ಓದಿದ ಕಿರಿಯ ಪ್ರಾಥಮಿಕ ಶಾಲೆಯೇ ಈಗ ಮುಚ್ಚಿದ್ದರೆ. ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಅಂಥ ಶಾಲೆಯ ದಾಖಲಾತಿ ಪುಸ್ತಕ ವಿಲೀನವಾದ ಹತ್ತಿರದ ಶಾಲೆಯಲ್ಲೋ ಬಿಇಒ ಕಚೇರಿಯಲ್ಲೋ ಇರುತ್ತದೆ. ಹುಡುಕಿಸಲು ಸಮಯ ಹಿಡಿಯುತ್ತದೆ, ಅರ್ಜಿ ಕರೆದ ಮೇಲಿನ ದಿನಗಳು ಅದಕ್ಕೆ ಸಾಲುವುದಿಲ್ಲ. ಬೇಸಿಗೆ ರಜೆ ಶುರುವಾಗುವ ಮುಂಚೆ, ಮಾರ್ಚ್‌ನಲ್ಲೇ ಹೋಗಿ ಕೇಳಿ.

ಈಗ ಅತಿಥಿ ಶಿಕ್ಷಕರ ಹುದ್ದೆ. ಹೊಸಬರಿಗೆ ನಿಜವಾಗಿ ಕೈಗೆಟುಕುವ ಮೊದಲ ಸರ್ಕಾರಿ ಶಾಲೆಯ ಕೆಲಸ ಇದು. ಬಿಇಒ ಕಚೇರಿಯಿಂದ ಶಾಲೆಗೆ ಇಷ್ಟು ಅತಿಥಿ ಶಿಕ್ಷಕರೆಂದು ಹಂಚಿಕೆಯಾಗುತ್ತದೆ. ಅರ್ಜಿ ತೆಗೆದುಕೊಂಡು ಮೆರಿಟ್ ನೋಡಿ ಆರಿಸುವುದು ಮುಖ್ಯ ಶಿಕ್ಷಕರು ಮತ್ತು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ. ಹಾಗಾಗಿ ಬಿಇಒ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟು ಮನೆಗೆ ಹೋದವರಿಗೆ ಫೋನು ಬರುವುದಿಲ್ಲ. ಮೇ 31ಕ್ಕೆ ಯಾವ ಶಾಲೆಯಲ್ಲಿ ಯಾರು ನಿವೃತ್ತರಾಗುತ್ತಾರೆ, ಯಾರು ವರ್ಗವಾಗಿದ್ದಾರೆ, ಯಾರು ಹೆರಿಗೆ ರಜೆಗೆ ಹೋಗುತ್ತಾರೆ ಎಂದು ವಿಚಾರಿಸಿಕೊಂಡು ಆ ಶಾಲೆಗಳಿಗೇ ಹೋಗಬೇಕು. ಒಂದೊಂದು ಶಾಲೆಗೂ ಅರ್ಜಿ, ಅಂಕಪಟ್ಟಿಗಳು, ಟಿಇಟಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಇಷ್ಟರ ಒಂದು ಸೆಟ್ ಜೆರಾಕ್ಸ್. ಹತ್ತು ಸೆಟ್ ಮಾಡಿಸಿಟ್ಟುಕೊಳ್ಳಿ. ಕುಶಾಲನಗರ, ಪೊನ್ನಂಪೇಟೆ ಈಗ ಬೇರೆ ತಾಲ್ಲೂಕುಗಳಾಗಿವೆ. ನಿಮ್ಮ ಶಾಲೆ ಯಾವ ಬಿಇಒ ವ್ಯಾಪ್ತಿಯಲ್ಲಿದೆ ಎಂದು ಮೊದಲು ಕೇಳಿಕೊಂಡರೆ ಸುಮ್ಮನೆ ಬಸ್ಸು ಹತ್ತುವುದು ತಪ್ಪುತ್ತದೆ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಜನ ಸಿಗುವುದು ಕಷ್ಟ, ಆ ವಿಷಯದವರಿಗೆ ಜೂನ್ ಕಳೆದ ಮೇಲೂ ಅವಕಾಶ ಇರುತ್ತದೆ. ಸಮಾಜ ವಿಜ್ಞಾನ, ಕನ್ನಡದವರು ಮೇ ತಿಂಗಳಲ್ಲೇ ಓಡಾಡಬೇಕು.

ಗೌರವಧನ 2025-26ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿ ಪ್ರಾಥಮಿಕಕ್ಕೆ 12,000, ಪ್ರೌಢಶಾಲೆಗೆ 12,500 ಆಗಿದೆ. ಕಾಫಿ ಕೊಯ್ಲಿಗೆ ಹೋದರೂ ಇಷ್ಟು ಸಿಗುತ್ತದಲ್ಲ ಎನ್ನುವವರ ಮಾತು ಸುಳ್ಳಲ್ಲ. ಅದೂ ತಿಂಗಳು ತಿಂಗಳು ಕೈಸೇರುವುದಿಲ್ಲ. ಅನುದಾನ ಕಂತಿನಲ್ಲಿ ಬಿಡುಗಡೆಯಾಗುವುದರಿಂದ ಕೆಲವು ತಿಂಗಳದ್ದು ಒಟ್ಟಿಗೆ ಬರುವುದೂ ಉಂಟು. ಬಸ್ಸಿಗೂ ಊಟಕ್ಕೂ ಮೂರು ತಿಂಗಳು ಕೈಯಿಂದ ಹಾಕುವ ಶಕ್ತಿ ಇದೆಯೇ ಎಂದು ನೋಡಿಕೊಂಡೇ ಒಪ್ಪಿಕೊಳ್ಳಿ. ನಡೆದು ಹೋಗಬಹುದಾದ ಅಥವಾ ಒಂದೇ ಬಸ್ಸಿನ ದಾರಿಯ ಶಾಲೆ ಸಿಕ್ಕರೆ ಅದೇ ಒಳ್ಳೆಯದು. ಬೆಳಗಿನ ಬಸ್ಸು ಎಷ್ಟಕ್ಕೆ, ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಬೇಸಿಗೆಯಲ್ಲಿ ಕೇಳಿದರೆ ಸಾಲದು, ಜುಲೈಯಲ್ಲಿ ಆ ಬಸ್ಸು ಓಡುತ್ತದೆಯೇ ಎಂದು ಊರಿನವರನ್ನು ಕೇಳಿ. ಸಂಗಮ ತುಂಬಿ ಭಾಗಮಂಡಲದ ರಸ್ತೆಗೆ ನೀರು ಬರುವುದು, ಬರೆ (ಗುಡ್ಡದ ಬದಿ) ಜರಿಯುವುದು, ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಪ್ರತಿ ಮಳೆಗಾಲದ ಮಾಮೂಲು. ಜಿಲ್ಲಾಧಿಕಾರಿ ಕೊಟ್ಟ ಮಳೆ ರಜೆಯನ್ನು ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಪಾಠ ಮಾಡಿ ಸರಿದೂಗಿಸಬೇಕಾಗುತ್ತದೆ, ಅದಕ್ಕೂ ಸಿದ್ಧರಿರಿ.

ಕಾಯಂ ಶಿಕ್ಷಕರು ಬಂದ ದಿನ ಅತಿಥಿ ಶಿಕ್ಷಕರು ಹೊರಡಬೇಕು, ಕಾಯಂ ಮಾಡಿ ಎಂದು ಕೇಳುವ ಹಕ್ಕಿಲ್ಲ. ಇದನ್ನು ತಿಳಿದೇ ಸೇರುವುದು. ಆದರೆ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಉಳಿಯಬೇಕಲ್ಲ. ನೇಮಕದ ಆದೇಶದ ಪ್ರತಿ ಮೊದಲ ವಾರದಲ್ಲೇ ತೆಗೆದಿಟ್ಟುಕೊಳ್ಳಿ, ಹಾಜರಿ ಪುಸ್ತಕದಲ್ಲಿ ದಿನವೂ ಸಹಿ ಮಾಡಿ, ಅನುಭವ ಪ್ರಮಾಣಪತ್ರವನ್ನು ಮಾರ್ಚ್‌ನಲ್ಲೇ ಬರೆಸಿಕೊಳ್ಳಿ. ರಜೆಯಲ್ಲಿ ಮುಖ್ಯ ಶಿಕ್ಷಕರು ವರ್ಗವಾಗಿ ಹೋದರೆ, ನಿಮ್ಮ ಮುಖವನ್ನೇ ನೋಡದ ಹೊಸಬರು ಸಹಿ ಹಾಕಲು ಹಿಂಜರಿಯುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ.

ಬಿ.ಇಡಿ ಕಾಲೇಜಿನ ಪಾಠಯೋಜನೆ ಈ ಸಣ್ಣ ಶಾಲೆಗಳಲ್ಲಿ ಹಾಗೇ ನಡೆಯುವುದಿಲ್ಲ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂತಿರುತ್ತವೆ. 1ರಿಂದ 3ರ ತನಕ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ, ಅದರ ಕಾರ್ಡು, ಗುಂಪು ತಟ್ಟೆಗಳ ಕ್ರಮ ಗೊತ್ತಿರದಿದ್ದರೆ ಮೊದಲ ತಿಂಗಳು ಗೊಂದಲದಲ್ಲೇ ಹೋಗುತ್ತದೆ. ಲೈನ್‌ಮನೆಗಳಿಂದ (ತೋಟದ ಕಾರ್ಮಿಕರ ಸಾಲುಮನೆಗಳು) ಬರುವ ಮಕ್ಕಳ ಮನೆಮಾತು ಯರವ, ಮಲಯಾಳ, ತುಳು, ಅಸ್ಸಾಮಿನ ಕಡೆಯದು ಯಾವುದೂ ಆಗಿರಬಹುದು. ಕೊಡವ ತಕ್ಕ್, ಅರೆಭಾಷೆ ಮಾತಾಡುವ ಮಕ್ಕಳೂ ಜೊತೆಗಿರುತ್ತಾರೆ. ಕನ್ನಡ ಬರುವುದಿಲ್ಲ ಎಂದರೆ ಬುದ್ಧಿ ಇಲ್ಲ ಎಂದು ಅರ್ಥ ಮಾಡಿಕೊಂಡ ಶಿಕ್ಷಕ ಆ ಮಗುವನ್ನು ಕಳೆದುಕೊಂಡ ಹಾಗೆಯೇ. ಎಫ್‌ಎ, ಎಸ್‌ಎ ಎಂಬ ಮೌಲ್ಯಮಾಪನಗಳ ಅಂಕ ದಾಖಲಿಸುವುದು, ವಿದ್ಯಾರ್ಥಿಗಳ ವಿವರ ಇಡುವ ಇಲಾಖೆಯ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ತುಂಬುವುದು ಕಲಿತಿದ್ದರೆ ಯಾವ ಮುಖ್ಯ ಶಿಕ್ಷಕರೂ ನಿಮ್ಮನ್ನು ಮುಂದಿನ ವರ್ಷ ಬಿಡಲು ಬಯಸುವುದಿಲ್ಲ. ಕೂಡಿಗೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಕೇಳಿದರೆ ತರಬೇತಿ ಸಾಹಿತ್ಯ ನೋಡಲು ಸಿಗುತ್ತದೆ, ನಾಚಿಕೆ ಪಡದೆ ಹೋಗಿ.

ಖಾಸಗಿ ಶಾಲೆಗಳ ಋತು ಬೇರೆ. ಅವು ಫೆಬ್ರುವರಿಯಿಂದ ಏಪ್ರಿಲ್ ನಡುವೆ ಆಯ್ಕೆ ಮುಗಿಸುತ್ತವೆ. ಜೂನ್ ಮಧ್ಯದಲ್ಲಿ, ದಸರಾ ರಜೆಯ ನಂತರ ಬಿಟ್ಟುಹೋದವರ ಜಾಗಕ್ಕೆ ಇನ್ನೊಂದು ಸಣ್ಣ ಸುತ್ತು. ಬಿ.ಇಡಿ ಫಲಿತಾಂಶ ಬಾರದಿದ್ದರೂ ಹಿಂದಿನ ಸೆಮಿಸ್ಟರುಗಳ ಅಂಕಪಟ್ಟಿ ಇಟ್ಟು ಅರ್ಜಿ ಹಾಕಬಹುದು. 8ನೇ ತರಗತಿವರೆಗೆ ಕಲಿಸಲು ಟಿಇಟಿ ಖಾಸಗಿ ಶಾಲೆಗೂ ಅನ್ವಯ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಕೆಲಸದಲ್ಲಿರುವ ಶಿಕ್ಷಕರಿಗೂ ಅದನ್ನು ಕಡ್ಡಾಯ ಮಾಡಿದ ಮೇಲೆ ಆಡಳಿತ ಮಂಡಳಿಗಳು ಇದನ್ನು ಮೊದಲಿನಂತೆ ಕಡೆಗಣಿಸಲಾರವು.

ಡೆಮೊ ತರಗತಿಯಲ್ಲಿ ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಡೀ ಪಾಠ ಮುಗಿಸಲು ಹೊರಡುವುದು. ಒಂದೇ ಒಂದು ಪರಿಕಲ್ಪನೆ ಹಿಡಿಯಿರಿ. 6ನೇ ತರಗತಿಯ ಭಿನ್ನರಾಶಿ ಎಂದಿಟ್ಟುಕೊಳ್ಳಿ. 1/2ಕ್ಕೆ 1/3 ಕೂಡಿಸಿ ಎಂದರೆ ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಸೇರಿಸಿ 2/5 ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ‘ತಪ್ಪು’ ಎಂದು ಅಳಿಸಬೇಡಿ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಕೇಳಿ. ಒಂದೇ ಉದ್ದದ ಎರಡು ಕಾಗದದ ಪಟ್ಟಿ ತೆಗೆದು, ಎರಡನ್ನೂ ಆರು ಸಮಭಾಗ ಮಾಡಿ, ಒಂದರಲ್ಲಿ ಮೂರು ಭಾಗಕ್ಕೆ, ಇನ್ನೊಂದರಲ್ಲಿ ಎರಡು ಭಾಗಕ್ಕೆ ಬಣ್ಣ ಹಚ್ಚಿಸಿ; 5/6 ಮಕ್ಕಳ ಬಾಯಿಂದಲೇ ಬರುತ್ತದೆ. ಹಿಂದಿನ ಬೆಂಚಿಗೆ ಹೋಗಿ ಒಂದು ಪ್ರಶ್ನೆ ಕೇಳಿ, ಕಪ್ಪುಹಲಗೆಯ ಬರಹ ಕೊನೆಯ ಸಾಲಿಗೆ ಕಾಣುತ್ತದೆಯೇ ನೋಡಿ. ಲ್ಯಾಪ್‌ಟಾಪಿನ ಸ್ಲೈಡು ನೆಚ್ಚಿಕೊಂಡು ಹೋದವರಿಗೆ ಕರೆಂಟು ಕೈಕೊಟ್ಟಾಗ ಬಾಯಿ ಕಟ್ಟುತ್ತದೆ.

ಕೆಲಸ ಕೊಡುತ್ತೇವೆ ಎಂದ ಮೇಲೆ ಕೇಳಬೇಕಾದ್ದನ್ನು ಸಂಕೋಚದಿಂದ ಬಿಡಬೇಡಿ. ಲಿಖಿತ ನೇಮಕಾತಿ ಆದೇಶ ಬೇಕು. ಸಂಬಳ ಬ್ಯಾಂಕಿಗೆ ಬರಬೇಕು. ಹೆಚ್ಚು ಮೊತ್ತಕ್ಕೆ ಸಹಿ ಹಾಕಿಸಿ ಕಡಿಮೆ ಕೊಡುವ ಕಡೆ ನಿಲ್ಲಬೇಡಿ. 20 ಅಥವಾ ಹೆಚ್ಚು ನೌಕರರಿದ್ದರೆ ಭವಿಷ್ಯನಿಧಿ ಕಡ್ಡಾಯ, ನಿಮ್ಮ ಯುಎಎನ್ (ಭವಿಷ್ಯನಿಧಿ ಖಾತೆಯ) ಸಂಖ್ಯೆ ಕೇಳಿ ಪಡೆಯಿರಿ. ಏಪ್ರಿಲ್, ಮೇ ತಿಂಗಳ ಸಂಬಳ ಉಂಟೇ, ಹತ್ತೇ ತಿಂಗಳೇ? ವಸತಿ ಶಾಲೆಯಾದರೆ ಊಟ, ಕೋಣೆ ಸಿಗುತ್ತದೆ ನಿಜ. ರಾತ್ರಿ ಸ್ಟಡಿ, ಭಾನುವಾರದ ವಾರ್ಡನ್ ಕೆಲಸ ಎಷ್ಟು ಎಂದು ಸೇರುವ ಮುಂಚೆಯೇ ಬರೆಸಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಎಲ್ಲಿಯೂ ಬಿಟ್ಟು ಬರಬೇಡಿ. ನೋಡಿ ವಾಪಸು ಕೊಡುವುದು ಸರಿ, ಬೀರುವಿನಲ್ಲಿಟ್ಟು ಬೀಗ ಹಾಕುವುದು ಸರಿಯಲ್ಲ. ಸರ್ಕಾರಿ ಕೌನ್ಸೆಲಿಂಗ್ ಬಂದಾಗ ಮೂಲ ಪ್ರತಿ ಇಲ್ಲದೆ ಪರದಾಡುವವರು ಇಂಥವರೇ.

ಅನುದಾನಿತ ಶಾಲೆಯಲ್ಲಿ ‘ಈ ಹುದ್ದೆ ಸದ್ಯದಲ್ಲೇ ಅನುದಾನಕ್ಕೆ ಒಳಪಡುತ್ತದೆ’ ಎಂದು ಹೇಳಿ ಹಣ ಕೇಳುವವರಿದ್ದಾರೆ. ಆ ಹುದ್ದೆ ತುಂಬಲು ಇಲಾಖೆ ಕೊಟ್ಟ ಅನುಮತಿ ಪತ್ರದ ಸಂಖ್ಯೆ, ದಿನಾಂಕ ಕೇಳಿ, ಡಿಡಿಪಿಐ ಕಚೇರಿಯಲ್ಲಿ ತಾಳೆ ನೋಡಿ. ಪತ್ರ ಇಲ್ಲದಿದ್ದರೆ ಅದು ಆಡಳಿತ ಮಂಡಳಿಯ ಸಂಬಳದ ಕೆಲಸ ಅಷ್ಟೇ, ಅದಕ್ಕೆ ಗದ್ದೆ ಮಾರಿ ಹಣ ಕಟ್ಟುವ ಅಗತ್ಯವಿಲ್ಲ.

ಗಾಳಿಬೀಡಿನ ನವೋದಯ, ಮಡಿಕೇರಿಯ ಕೇಂದ್ರೀಯ ವಿದ್ಯಾಲಯಗಳಿಗೆ ಕೇಂದ್ರದ ಅರ್ಹತಾ ಪರೀಕ್ಷೆಯಾದ ಸಿಟಿಇಟಿ ಬೇಕು, ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇರೆಯೇ ಮಾಡಿಸಬೇಕು. ರಾಜ್ಯದ ನಮೂನೆ-ಎಫ್ ಅಲ್ಲಿ ನಡೆಯುವುದಿಲ್ಲ. ಗುತ್ತಿಗೆ ಶಿಕ್ಷಕರ ಸಂದರ್ಶನದ ಸುದ್ದಿ ಆಯಾ ಸಂಸ್ಥೆಯ ಜಾಲತಾಣದಲ್ಲಿ ಬರುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಗಿರಿಜನ ಆಶ್ರಮ ಶಾಲೆಗಳ ಅತಿಥಿ ಹುದ್ದೆಗೆ ಬಿಇಒ ಕಚೇರಿಗೆ ಹೋಗಿ ಪ್ರಯೋಜನವಿಲ್ಲ, ಅವು ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣದಂಥ ಬೇರೆ ಇಲಾಖೆಗಳವು. ಪರೀಕ್ಷಾ ಕೇಂದ್ರ ಜಿಲ್ಲೆಯ ಹೊರಗೆ ಬಿದ್ದರೆ ಹಿಂದಿನ ದಿನವೇ ಹೊರಡಿ. ನಮಗೆ ರೈಲಿಲ್ಲ, ಮಳೆಗಾಲದ ಘಾಟಿಯನ್ನು ನಂಬುವಂತಿಲ್ಲ.

ಇಲಾಖೆಯಲ್ಲಿ ಒಂದು ಕೋರಿಕೆ. ಶಾಲಾವಾರು, ವಿಷಯವಾರು ಅತಿಥಿ ಶಿಕ್ಷಕರ ಖಾಲಿ ಜಾಗದ ಪಟ್ಟಿಯನ್ನು ಮೇ ಎರಡನೇ ವಾರದೊಳಗೆ ಪ್ರತಿ ಬಿಇಒ ಕಚೇರಿಯ ಮತ್ತು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸಲಿ. ಈಗ ಈ ಮಾಹಿತಿ ಪರಿಚಯಸ್ಥರ ವಾಟ್ಸ್‌ಆ್ಯಪ್ ಗುಂಪುಗಳಲ್ಲೇ ತಿರುಗುತ್ತದೆ; ನೆಟ್‌ವರ್ಕ್ ಸಿಗದ ಊರಿನ, ಯಾರ ಪರಿಚಯವೂ ಇಲ್ಲದ ಅಭ್ಯರ್ಥಿಗೆ ಗೊತ್ತಾಗುವಾಗ ಜಾಗ ತುಂಬಿರುತ್ತದೆ. ಆಯ್ಕೆಯಾದವರ ಶೇಕಡಾವಾರು ಅಂಕವನ್ನೂ ಅದೇ ಫಲಕದಲ್ಲಿ ಹಾಕಲಿ. ಇದಕ್ಕೆ ಹೊಸ ಅನುದಾನ ಬೇಡ, ಎರಡು ಹಾಳೆ ಮತ್ತು ಸ್ವಲ್ಪ ಅಂಟು ಸಾಕು.

— ಕೆಲವು ನಿವೃತ್ತ ಮುಖ್ಯ ಶಿಕ್ಷಕರು,
ವಿರಾಜಪೇಟೆ ಮತ್ತು ಸೋಮವಾರಪೇಟೆ ತಾಲ್ಲೂಕು, ಕೊಡಗು